ಜವಾಬ್ದಾರಿ ನನ್ನದು ಎಂದವರು

ಮಾರ್ಚ್ 4

ಇವತ್ತೂ ಕ್ಲಿನಿಕ್ ಬಾಗಿಲು ತೆಗೆಯುವ ಮೊದಲೇ ಕ್ಯೂ. ಕೈ ಸುಟ್ಟುಕೊಂಡ ವೆಲ್ಡರ್ ಜೋಕು ಹೊಡೆಯುತ್ತಾ ಕೂತಿದ್ದ. ಅಂಟಿದ ಬ್ಯಾಂಡೇಜ್ ಬಟ್ಟೆ ಬಿಡಿಸಲು ಶುರು ಮಾಡಿದಾಗ ಬಾಯಿ ಬಂದ್. ರಿಟೈರ್ ಆದ ಮೇಲೂ ಈ ಡ್ರೆಸ್ಸಿಂಗ್ ಕೆಲಸ ಬಿಟ್ಟಿಲ್ಲ. ಮನೆಯಲ್ಲಿ ಕೂತರೆ ಮೊದಲು ಮೊಣಕಾಲು ಹಿಡಿಯುತ್ತದೆ, ಆಮೇಲೆ ತಲೆ.

ಡಾಕ್ಟರ ಟೇಬಲ್ ಮೇಲೆ ಪೇಪರ್. ಯಾರೋ ಮಾಜಿ ಕರ್ನಲ್ ಬರೆದಿದ್ದಾನೆ: ಬಂದರು ಕಾಯ್ದ ಜನರಲ್‌ಗೆ ಸೇನೆಯ ಅತಿ ದೊಡ್ಡ ಪದಕ ಕೊಟ್ಟದ್ದು ಸರಿಯೇ? ಮುತ್ತಿಗೆಯ ನಡುವೆ ಸೈನಿಕರನ್ನು ಬಿಟ್ಟು ದೋಣಿ ಹತ್ತಿದವರಿಗೆ?

ಮೈ ಉರಿಯಿತು. ಆ ಬಂದರಿನಲ್ಲಿ ಮಿಲಿಟರಿ ನರ್ಸ್ ಆಗಿ ನಾನಿದ್ದೆ. ಈ ಕರ್ನಲ್ ಎಲ್ಲಿದ್ದ? ಡಾಕ್ಟರಿಗೆ ಹೇಳಿಯೇ ಬಿಟ್ಟೆ. ಶೆಲ್ ಬೀಳುತ್ತಿದ್ದಾಗ ಸ್ಟ್ರೆಚರಿಗೆ ಹೆಗಲು ಕೊಟ್ಟವರು ಅವರು, ತಮ್ಮ ಪಾಲಿನ ನೀರನ್ನು ವಾರ್ಡಿಗೆ ಕಳಿಸಿದವರು ಅವರು. ಬಾ ಎಂದು ರಾಜಧಾನಿಯಿಂದ ಆಜ್ಞೆ ಬಂತು, ಹೋದರು. ಸೈನ್ಯದಲ್ಲಿ ಆಜ್ಞೆಗೆ ಎದುರಾಡುವುದುಂಟೇ?

"ಆಯ್ತು ಸಿಸ್ಟರ್, ನನಗ್ಯಾಕೆ ಬೈತೀರಿ" ಎಂದರು ಡಾಕ್ಟರ್.

ಮಾರ್ಚ್ 11, ಸಂಜೆ

ತಮ್ಮನ ಮನೆಯಲ್ಲಿ ಟಿವಿ. ಕರ್ನಲ್‌ಗೆ ಜನರಲ್ ಉತ್ತರ ಕೊಡುತ್ತಾರಂತೆ. ತಮ್ಮನೂ ಅದೇ ಬಂದರಿನಲ್ಲಿ ಸಿಪಾಯಿಯಾಗಿದ್ದವನು. ಈಗ ಮಾಜಿ ಸೈನಿಕರ ಸಂಘದ ಸೆಕ್ರೆಟರಿ. ಜನರಲ್ ಸಂಘದ ಗೌರವಾಧ್ಯಕ್ಷರು. ತಮ್ಮ ಸೋಫಾದಲ್ಲೂ ಅಟೆನ್ಷನ್‌ನಲ್ಲಿ ಕೂತಿದ್ದ.

ಜನರಲ್ ಎಷ್ಟು ಸೊರಗಿದ್ದಾರೆ. ದನಿ ಮಾತ್ರ ಹಾಗೇ ಇದೆ. ಆಜ್ಞೆ ಬಂತು, ಹೋದೆ ಎಂದರು. ಸರಿ ಎಂದುಕೊಂಡೆ. ಆಮೇಲೆ—

"ನಾನು ಬಿಟ್ಟಾಗ ಬಂದರು ಗಟ್ಟಿಯಾಗಿತ್ತು. ಆಸ್ಪತ್ರೆಯವರು ಎದೆಗುಂದಿ ಬಿಳಿ ಬಟ್ಟೆ ಏರಿಸದೇ ಹೋಗಿದ್ರೆ ಇವತ್ತಿನ ಇತಿಹಾಸಾನೇ ಬೇರೆ ಇರ್ತಿತ್ತು."

ಆಸ್ಪತ್ರೆಯವರು. ಅಂದರೆ ನಾನು. ಬಿಳಿ ಬಟ್ಟೆ ಏರಿಸಿದ್ದು ಈ ಕೈ.

ತಮ್ಮ ರಿಮೋಟ್ ಹುಡುಕತೊಡಗಿದ. ಅದು ಅವನ ತೊಡೆಯ ಮೇಲೇ ಇತ್ತು.

ಮಾರ್ಚ್ 12

ಕ್ಲಿನಿಕ್ಕಿಗೆ ಹೋಗಲಿಲ್ಲ. ನಡೆದದ್ದನ್ನು ಒಮ್ಮೆ ಬರೆದುಬಿಡುತ್ತೇನೆ. ಇಷ್ಟು ವರ್ಷ ಬರೆಯಬೇಕೆಂದೂ ಅನ್ನಿಸಿರಲಿಲ್ಲ, ಅಷ್ಟು ನಂಬಿಕೆ.

ಆಸ್ಪತ್ರೆ ಇದ್ದದ್ದು ಬಂದರಿನ ಗೋದಾಮಿನಲ್ಲಿ. ಸರ್ಜನ್ ಶೆಲ್‌ಗೆ ಸಿಕ್ಕಿ ಹೋಗಿದ್ದರು. ಉಳಿದವರಲ್ಲಿ ನಾನೇ ಹಿರಿಯಳು. ಹೊರಡುವ ದಿನ ಮಧ್ಯಾಹ್ನ ಜನರಲ್ ವಾರ್ಡಿಗೆ ಬಂದರು. ತೊಡೆಗೆ ಗುಂಡು ತಗುಲಿದ್ದ ನನ್ನ ತಮ್ಮನ ಹಾಸಿಗೆಯ ಪಕ್ಕ ನಿಂತು ಅವನ ತಲೆ ಸವರಿದರು. ಆ ಕೈ ತೆಗೆಯದೆಯೇ ನನಗೆ ಹೇಳಿದರು: "ಮಾರ್ಫಿನ್ ಮುಗಿದ ದಿನ ಬಿಳಿ ಬಟ್ಟೆ ಏರಿಸಿ ಸಿಸ್ಟರ್. ಜವಾಬ್ದಾರಿ ನನ್ನದು."

ಮಾರ್ಫಿನ್ ಮುಗಿಯಿತು. ಅದಾದ ಮೇಲೂ ಕಾದೆ. ಕಾಯಬಾರದಿತ್ತು. ಆ ಕೂಗು... ಕೊನೆಗೆ ಬೆಡ್‌ಶೀಟ್ ತೆಗೆದುಕೊಂಡು ಛಾವಣಿ ಹತ್ತಿದೆ. ಅದನ್ನು ಕಂಡ ಉಳಿದ ಕಾವಲು ಪಡೆಗಳೂ ಕೈ ಎತ್ತಿದವು. ಎಲ್ಲರೂ ಶತ್ರುವಿನ ಸೆರೆ ಶಿಬಿರಕ್ಕೆ. ಅಲ್ಲಿರುವಾಗಲೇ ಸುದ್ದಿ ಬಂತು: ಜನರಲ್‌ಗೆ ಪದಕ. ಚಪ್ಪಾಳೆ ತಟ್ಟಿದೆವು. ನಾನೂ.

ಮಾರ್ಚ್ 13

ತಮ್ಮನನ್ನು ಕೇಳಿದೆ. ನೀನೂ ಕೇಳಿಸಿಕೊಂಡೆಯಲ್ಲವೇ, ನಿನ್ನ ತಲೆಯ ಮೇಲೆ ಕೈಯಿಟ್ಟೇ ಹೇಳಿದರಲ್ಲ? ವಯಸ್ಸಾಗಿದೆ ಅವರಿಗೆ, ಮರೆತಿರಬಹುದು ಎಂದ. ನಿನಗೆ ನೆನಪಿದೆಯೋ ಇಲ್ಲವೋ, ಅದನ್ನು ಹೇಳು ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎಲ್ಲರಿಗೂ ಏನೇನೋ ನೆನಪಿರುತ್ತೆ ಅಕ್ಕ, ಎಂದ. ಚಹಾ ಆರಿ ಹೋಯಿತು.

ಅವರ ಬಾಯಿಂದಲೇ ಕೇಳಬೇಕು. ಹೋಗುತ್ತೇನೆ.

ಮಾರ್ಚ್ 29

ಹೋಗಿ ಬಂದೆ.

ಅವರ ಮನೆಯ ದೊಡ್ಡ ಹಾಲ್. ಗಾಲಿಕುರ್ಚಿಯಲ್ಲಿ ಜನರಲ್, ಕಾಲ ಮೇಲೆ ಕಂಬಳಿ. ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಪದಕ. ನೋಡಿದ ಕೂಡಲೇ ಗುರುತು ಹಿಡಿದರು. ತಮ್ಮನ ಕಾಲು ಹೇಗಿದೆ ಎಂದು ವಿಚಾರಿಸಿದರು. ಬಿಸ್ಕತ್ತು ತರಿಸಿದರು. ಒಂದು ಕ್ಷಣ, ನಾನೇ ತಪ್ಪು ಕೇಳಿಸಿಕೊಂಡೆನೇನೋ ಎನ್ನಿಸಿತು.

ಆಮೇಲೆ ಕೇಳಿದೆ. ಜವಾಬ್ದಾರಿ ನನ್ನದು ಅಂದಿದ್ದಿರಿ ಸರ್.

ಬಿಸ್ಕತ್ತಿನ ತಟ್ಟೆ ಪಕ್ಕಕ್ಕೆ ಸರಿಸಿದರು.

"ಬರೆದು ಕೊಟ್ಟಿದ್ನಾ ಸಿಸ್ಟರ್?"

ಹೇಳಿಲ್ಲ ಎನ್ನಲಿಲ್ಲ. ಮರೆತಿದ್ದೇನೆ ಎನ್ನಲಿಲ್ಲ. ಅಷ್ಟಾದರೂ ಸುಳ್ಳು ಹೇಳಬಹುದಿತ್ತು.

ಯುದ್ಧದಲ್ಲಿ ಸೋತ ದೇಶಕ್ಕೆ ಒಬ್ಬ ಗೆದ್ದವನು ಬೇಕಿತ್ತು, ಅದಕ್ಕೆ ಪದಕ ಕೊಟ್ಟರು, ಈಗ ವಾಪಸ್ ಕೊಡಲಿಕ್ಕೆ ಅದು ನನ್ನೊಬ್ಬನದಲ್ಲ ಎಂದರು. ನಿಮ್ಮ ಹೆಸರು ನಾನೆಲ್ಲೂ ಹೇಳಿಲ್ಲವಲ್ಲ ಎಂದೂ ಸೇರಿಸಿದರು. ಉಪಕಾರ ಮಾಡಿದ ಹಾಗೆ.

ಕಂಬಳಿ ಜಾರಿತ್ತು. ಎದ್ದವಳು ಸರಿಪಡಿಸಿ ಹೊದಿಸಿದೆ. ಹಾಳು ಅಭ್ಯಾಸ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ನೋಡಿ ನನಗೇ ಅಸಹ್ಯ.

ಏಪ್ರಿಲ್ 16

ಸಂಘದ ಸಭೆ. ಪದಕಕ್ಕೆ ಜನರಲ್ ಅರ್ಹರೇ ಎನ್ನುವವರ ಬಾಯಿ ಮುಚ್ಚಿಸಲು ಕರೆದದ್ದು. ಪೇಪರಿನವರೂ ಬಂದಿದ್ದರು. ಬಂದರಿನ ನರ್ಸ್ ಎಂದು ನನಗೂ ಮೈಕ್ ಕೊಟ್ಟರು, ಎರಡು ಒಳ್ಳೆಯ ಮಾತಿಗೆ.

ಹೇಳಿದೆ. ಸ್ಟ್ರೆಚರ್ ಹೊತ್ತದ್ದನ್ನು ಹೇಳಿದೆ, ನೀರು ಕಳಿಸಿದ್ದನ್ನು ಹೇಳಿದೆ. ಅದಕ್ಕೆ ಪದಕ ಕೊಟ್ಟಿದ್ದರೆ ನನ್ನ ಕೈಯಾರೆ ಹಾಕುತ್ತಿದ್ದೆ ಎಂದೆ. ದೋಣಿ ಹತ್ತಿದ್ದಕ್ಕೂ ದೂರುವುದಿಲ್ಲ. ಆದರೆ ತಾವೇ ಹೊರುತ್ತೇನೆಂದ ಹೊರೆಯನ್ನು ಗಾಯಾಳುಗಳ ತಲೆಗೆ ಕಟ್ಟಿದರಲ್ಲ, ಅಂಥವರ ಎದೆಯ ಮೇಲೆ ಆ ಪದಕ ಇರಬಾರದು.

ಗುಸುಗುಸು. ಯಾರೋ ಸಾಕ್ಷಿ ಏನಿದೆ ಎಂದರು. ಇಲ್ಲೇ ಇದ್ದಾನೆ, ನನ್ನ ತಮ್ಮ, ಎಂದೆ.

ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ.

"ನನಗೆ ಆವತ್ತು ವಿಪರೀತ ಜ್ವರ. ಏನೂ ನೆನಪಿಲ್ಲ."

ಕೂತ. ಯಾರೋ ನನ್ನ ಕೈಯಿಂದ ಮೈಕ್ ಮೆಲ್ಲಗೆ ತೆಗೆದುಕೊಂಡರು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಂಡ ಹಾಗೆ. ಆವತ್ತು ಅವನಿಗೆ ಜ್ವರ ಇರಲಿಲ್ಲ. ಥರ್ಮಾಮೀಟರ್ ಇಟ್ಟವಳು ನಾನು.

ಏಪ್ರಿಲ್ 17

ಬಂದ. ಹೊಸ್ತಿಲ ಆಚೆಯೇ ನಿಂತ.

"ಕೇಳಿಸ್ಕೊಂಡಿದ್ದೆ ಅಕ್ಕ. ಒಂದೊಂದು ಅಕ್ಷರಾನೂ. ಆದ್ರೆ ಅವರು ದೊಡ್ಡವರಾಗಿದ್ರೆ ನಾವು ಅವರ ಸೈನಿಕರು. ಅವರೇ ಸಣ್ಣವರಾದ್ರೆ ನಾವು ಬರೀ ಕೈ ಎತ್ತಿದವರು. ನನ್ನ ಮೊಮ್ಮಕ್ಕಳಿಗೆ ಏನಂತ ಹೇಳ್ಲಿ?"

ಗಾಯಾಳುಗಳ ಕೂಗು ತಡೆಯಲಾರದೆ ಛಾವಣಿ ಹತ್ತಿದಳು ನಿಮ್ಮಜ್ಜನ ಅಕ್ಕ, ಅದಕ್ಕೇ ನೀವೆಲ್ಲ ಹುಟ್ಟಿದಿರಿ ಅಂತ ಹೇಳು, ಎಂದೆ. ಜನರಲ್ ಇರುವವರೆಗೆ ಬೇಡ, ಹೋದ ಮೇಲೆ ಎಲ್ಲರೆದುರು ಹೇಳುತ್ತೇನೆ, ನಿನ್ನಾಣೆ, ಎಂದ.

ಒಪ್ಪಿದೆ. ಬೇರೆ ದಾರಿ ಏನಿತ್ತು.

ಜೂನ್ 20

ವೆಲ್ಡರ್ ಕೈ ಪೂರ್ತಿ ವಾಸಿ. ಸಭೆಯ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಕ್ಲಿನಿಕ್ಕಿನಲ್ಲಿ ಕೆಲವರು ನನ್ನಿಂದ ಇಂಜೆಕ್ಷನ್ ಬೇಡ ಎನ್ನುತ್ತಾರೆ. ಡಾಕ್ಟರ್ ಅವರನ್ನು ತಾವೇ ಒಳಗೆ ಕರೆದುಕೊಳ್ಳುತ್ತಾರೆ.

ಸೆಪ್ಟೆಂಬರ್ 2

ಜನರಲ್ ಹೋದರು. ನಿದ್ದೆಯಲ್ಲೇ ಅಂತೆ. ಅಳು ಬಂತು. ಯಾರಿಗಾಗಿ ಎಂದು ಕೇಳಿಕೊಳ್ಳಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಈಗ ಹೇಳ್ತೀಯಲ್ಲ ಎಂದೆ.

"ಸತ್ತವರ ಬಗ್ಗೆ ಈಗ ಹೇಗೆ ಹೇಳೋದು ಅಕ್ಕ?"

ಸೆಪ್ಟೆಂಬರ್ 4, ಸಂಜೆ

ಸರ್ಕಾರಿ ಗೌರವ. ಟಿವಿ ಹಾಕಬಾರದು ಎಂದುಕೊಂಡೇ ಹಾಕಿದೆ. ತೋಪು ಗಾಡಿಯ ಮೇಲೆ ಪೆಟ್ಟಿಗೆ. ಅದರ ಮುಂದೆ ಒಬ್ಬನೇ ಒಬ್ಬ ಹಳೆಯ ಸೈನಿಕ, ಎರಡೂ ಕೈಯಲ್ಲಿ ಕಪ್ಪು ಮಖಮಲ್ಲಿನ ದಿಂಬು, ದಿಂಬಿನ ಮೇಲೆ ಆ ಪದಕ. ಬಂದರಿನ ವೀರ ಸೈನಿಕ ಎಂದು ನನ್ನ ತಮ್ಮನ ಹೆಸರು ಹೇಳಿದರು.

ಆಫ್ ಮಾಡಲಿಲ್ಲ. ಕೊನೆಯವರೆಗೂ ನೋಡಿದೆ.

ಈಗ ಫೋನ್ ಮಾಡಿದ್ದ. ಟಿವಿ ನೋಡಿದೆಯಾ ಅಕ್ಕ ಎಂದ. ನೋಡಿದೆ ಎಂದೆ. ಹೇಗಿದ್ದೆ ಎಂದು ಕೇಳಿದ, ಸ್ಕೂಲ್ ಡೇ ನಾಟಕ ಮುಗಿಸಿ ಬಂದು ಕೇಳುತ್ತಿದ್ದ ಹಾಗೆ. ಕೋಟು ಸ್ವಲ್ಪ ದೊಡ್ಡದಾಯಿತು ಎಂದೆ. ನಕ್ಕ. ಆಮೇಲೆ ಒಡೆದ ದನಿಯಲ್ಲಿ, ಅಕ್ಕ, ಆವತ್ತು ವಾರ್ಡಿನಲ್ಲಿ ಅವರು ನಿನಗೆ ಹೇಳಿದ್ದು... ಎಂದು ಶುರು ಮಾಡಿದ.

ನನ್ನೊಬ್ಬಳಿಗೆ ಹೇಳಬೇಡ ಎಂದೆ. ನನಗೆ ಅದು ಗೊತ್ತಿರುವುದೇ, ನಾನು ನಿನ್ನಿಂದ ಕೇಳಬೇಕೆಂದಿದ್ದುದು ಆ ಸಭೆಯಲ್ಲಿ, ಎಲ್ಲರೆದುರು, ಎಂದು ಫೋನ್ ಇಟ್ಟೆ.