ನಾಲ್ಕು ಗಂಟೆಯ ದಿಕ್ಕಿನಲ್ಲಿ ಬಿಳಿ ಬೆನ್ನು

ಹೂಸವೀಕ್,
೧೪ ಆಗಸ್ಟ್ ೨೦೨೫

ಪ್ರಿಯ ರಾನ್‌ವೇಗ್,

ಲಕೋಟೆಯ ಮೇಲಿನ ಕೈಬರಹವನ್ನು ಕಂಡೊಡನೆಯೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ಆದರೂ ತೆರೆದೆಯಲ್ಲ, ಅಷ್ಟಕ್ಕೇ ನನಗೆ ಸಮಾಧಾನ. ಇಪ್ಪತ್ತೊಂದು ವರ್ಷ ಒಂದು ಸಾಲನ್ನೂ ಬರೆಯದವಳು ಈಗ ನಿನ್ನ ಯೋಗಕ್ಷೇಮವನ್ನು ವಿಚಾರಿಸಿದರೆ ಅದು ನಾಟಕವಾದೀತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ೨೦೦೪ರ ಜುಲೈ ಒಂಬತ್ತರಂದು ‘ಬೌರಾ’ ಹಡಗಿನಿಂದ ನೀನು ಕಂಡದ್ದು ನೊರೆಯಲ್ಲ. ಅದು ಬಿಳಿ ತಿಮಿಂಗಿಲವೇ. ಪುರಾವೆ ದೊರೆತಿದೆ.

ಮೊನ್ನೆ ಮಂಗಳವಾರ ತಿಮಿಂಗಿಲ ನೋಡುವ ಬೆಳಗಿನ ಯಾನಕ್ಕೆ ಬಂದವರಿಗೆ ನಾನು ದಪ್ಪ ಚಳಿಯುಡುಪುಗಳನ್ನು ಅಳತೆ ನೋಡಿ ಹಂಚುತ್ತಿದ್ದೆ. ಆಗ ಬ್ರೇಮೆನ್ ನಗರದ ವೃದ್ಧ ದಂಪತಿ ಮುಂದೆ ಬಂದರು. ಆತ ಡೀಟ್‌ಮಾರ್, ಆಕೆ ಊಟೆ. ಆತ ಕೈಚೀಲದಿಂದ ಹಳದಿಗಟ್ಟಿದ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟ. ಅದರಲ್ಲಿದ್ದದ್ದು ನನ್ನದೇ ಅಕ್ಷರ: ‘ಈ ದಿನ ತಿಮಿಂಗಿಲ ಕಾಣಲಿಲ್ಲ. ಮತ್ತೊಮ್ಮೆ ಉಚಿತವಾಗಿ ಬನ್ನಿರಿ. ಅವಧಿಯ ಮಿತಿಯಿಲ್ಲ.’ ಕೆಳಗೆ ನನ್ನ ಸಹಿ, ಆ ದಿನಾಂಕ.

ಹ್ಯಾಲ್ಟಿ ಈಗಲೂ ಹಡಗು ನಡೆಸುತ್ತಾನೆ. ಮೊಣಕಾಲು ಸೋತಿದೆ, ನಾಲಿಗೆ ಸೋತಿಲ್ಲ. ಚೀಟಿಯನ್ನು ನೋಡಿ ನಕ್ಕ. “ಅವಧಿ ಇಲ್ಲ ಅಂತ ಬರ್ದೋಳು ನೀನೇ ಕಣೇ, ಅನುಭವಿಸು! ಇನ್ಮೇಲೆ ಇವರ ಮೊಮ್ಮಕ್ಕಳೂ ಹಿಡ್ಕೊಂಡು ಬರ್ತಾರೆ ನೋಡ್ತಿರು.”

ನಾವು ನಂಬದಿದ್ದರೆ ತೋರಿಸಲೆಂದು ಅವರು ಆ ದಿನದ ಚಿತ್ರವೊಂದನ್ನೂ ತಂದಿದ್ದರು. ಹಡಗಿನ ಬಲಗಡೆಯ ಕಟಾಂಜನಕ್ಕೆ ಒರಗಿ ನಿಂತ ಊಟೆ, ಕೈಯಲ್ಲಿ ನೀನು ಕೊಟ್ಟ ಕೋಕೋ ಲೋಟ, ಮೇಲ್ದುಟಿಯ ಮೇಲೆ ಕೋಕೋವಿನ ಮೀಸೆ. ಮುಗುಳ್ನಕ್ಕು ಹಿಂದಿರುಗಿಸುವವಳಿದ್ದೆ. ಆದರೆ ಜನರ ಬೆನ್ನ ಹಿಂದಿನ ಕಡಲನ್ನು ನೋಡುವುದೇ ಇಷ್ಟು ವರ್ಷ ನನ್ನ ಕಸುಬಲ್ಲವೇ? ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು. ತಿಮಿಂಗಿಲಗಳ ಬಾಲದ ಗುರುತುಗಳನ್ನು ಹೋಲಿಸುವ ಭೂತಗನ್ನಡಿಯನ್ನು ಹಿಡಿದು ನೋಡಿದೆ. ಆಕೆಯ ಹೆಗಲಿನಾಚೆ, ಹಡಗಿನ ಮೂತಿಯನ್ನು ಹನ್ನೆರಡೆಂದು ಎಣಿಸಿ ನೀನು ಕೂಗಿ ತೋರಿಸಿದ ಆ ನಾಲ್ಕು ಗಂಟೆಯ ದಿಕ್ಕಿನಲ್ಲಿಯೇ, ಬಲಗಡೆ ತುಸು ಹಿಂದಕ್ಕೆ, ಬೆನ್ನುರೆಕ್ಕೆಯಿಲ್ಲದ ನುಣುಪಾದ ಬಿಳಿ ಬೆನ್ನು ನೀರನ್ನು ಸೀಳಿ ನಿಂತಿತ್ತು. ಅದರ ಬುಡದಲ್ಲಿ ನೆರಳಿತ್ತು. ನೊರೆಗೆ ನೆರಳಿರುವುದಿಲ್ಲ.

ಊಟೆ ಚಿತ್ರವನ್ನು ಕಿತ್ತುಕೊಂಡು ನೋಡಿದಳು. “ಅಯ್ಯೋ, ಇದು ನಮ್ಮ ಅಡುಗೆಮನೆ ಗೋಡೆ ಮೇಲೇ ಇತ್ತು ಕಣ್ರೀ! ನನ್ನ ಮೂಗು ಎಷ್ಟು ಕೆಂಪಗಿದೆ ಅಂತ ದಿನಾ ನೋಡ್ಕೊಳ್ತಿದ್ದೆ. ಬೆನ್ನ ಹಿಂದೆ ಯಾರಿದ್ದಾರೆ ಅಂತ ಒಂದಿನಾನೂ ನೋಡ್ಲಿಲ್ಲ!”

“ಹಾಗಾದ್ರೆ ಅವತ್ತು ತಿಮಿಂಗಿಲ ಕಂಡ ಹಾಗಾಯ್ತು. ಚೀಟಿ ರದ್ದು. ಸ್ವಾಮಿ, ಹೊಸ ಟಿಕೆಟ್ ತಗೊಳ್ಳಿ” ಎಂದ ಹ್ಯಾಲ್ಟಿ, ಮುಖವನ್ನು ಗಂಭೀರವಾಗಿಟ್ಟುಕೊಂಡು. ಡೀಟ್‌ಮಾರ್ ನಿಜವೆಂದೇ ತಿಳಿದು ಜೇಬಿಗೆ ಕೈಹಾಕಿದ. ಊಟೆ ಅವನ ಕೈಯನ್ನು ಹಿಡಿದಳು. “ತೋರಿಸ್ಬೇಕಾದೋರು ನೀವು. ತೋರಿಸ್ಲಿಲ್ಲ. ಸುಮ್ನೆ ಹತ್ತಿಸ್ಕೊಳ್ಳಿ!” ಬಂದರಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ.

ಆ ದಿನವನ್ನು ನಿನಗೆ ನೆನಪಿಸುವುದು ಗಾಯವನ್ನು ಕೆದಕಿದಂತೆ. ಆದರೂ ನನ್ನ ಬಾಯಿಂದ ಅದು ಸರಿಯಾದ ಕ್ರಮದಲ್ಲಿ ಬರಲಿ. ಗೈಡ್ ಆಗಿ, ಹಡಗಿನ ಎತ್ತರದ ಕಟ್ಟೆಯ ಮೇಲೆ ನಿಂತು ಕಡಲನ್ನು ಕಾಯುವವಳಾಗಿ, ಅದು ನನ್ನ ಮೊದಲ ಬೇಸಗೆ. ತಿಮಿಂಗಿಲ ಬೇಟೆಯ ಠಾಣ್ಯದಲ್ಲಿ ಇಪ್ಪತ್ತು ವರ್ಷ ದುಡಿದ ಔಸ್ಗೇರ್ ಅಂದು ಅತಿಥಿಯಾಗಿ ಹತ್ತಿದ್ದ. “ಪುಸ್ತಕ ಓದಿ ತಿಮಿಂಗಿಲ ಹಿಡಿಯೋರು ಬಂದಿದ್ದಾರಪ್ಪಾ” ಎಂದು ಬೆಳಗಿನಿಂದ ನನ್ನನ್ನು ಚುಚ್ಚುತ್ತಿದ್ದ. ಎರಡೂವರೆ ಗಂಟೆ ಸುತ್ತಿದರೂ ತಿಮಿಂಗಿಲದ ಉಸಿರಿನ ಒಂದು ಕಾರಂಜಿಯೂ ಕಾಣಲಿಲ್ಲ. ಚಿತ್ರ ತೆಗೆಯುತ್ತಿದ್ದ ಆ ದಂಪತಿಯನ್ನು ಬಿಟ್ಟರೆ ಎಲ್ಲರೂ ಎಡಗಡೆಯಲ್ಲಿ ಕಡಲಗಿಳಿ ಹಕ್ಕಿಗಳನ್ನು ನೋಡುತ್ತಿದ್ದರು. ಯಾತ್ರಿಕರಿಗೆ ಹಂಚಲು ದಾಲ್ಚಿನ್ನಿ ರೊಟ್ಟಿಯ ತಟ್ಟೆಯನ್ನು ಹಿಡಿದು ಹಿಂಬದಿಯಲ್ಲಿದ್ದ ನೀನು ಒಮ್ಮೆಲೇ ಕೂಗಿದೆ: “ಯೋರುನ್, ನೋಡೇ! ನಾಲ್ಕು ಗಂಟೆಗೆ! ಬಿಳೀದು, ಪೂರ್ತಿ ಬಿಳೀದು!”

ಜನ ತಿರುಗುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಔಸ್ಗೇರ್ ಹೊಟ್ಟೆ ಹಿಡಿದು ನಕ್ಕ. “ಬಿಳಿ ತಿಮಿಂಗಿಲ ಇಲ್ಲಿಗೆ ಬರ್ಬೇಕಾದ್ರೆ ಗ್ರೀನ್‌ಲ್ಯಾಂಡ್‌ನಿಂದ ದಾರಿ ಕೇಳ್ಕೊಂಡು ಬರ್ಬೇಕು! ಆ ಹುಡುಗಿ ಕೋಕೋಗೆ ಏನು ಬೆರೆಸ್ಕೊಂಡಿದ್ದಾಳೆ ನೋಡ್ರಪ್ಪಾ.”

ಹ್ಯಾಲ್ಟಿ ಚುಕ್ಕಾಣಿಯ ಕಿಟಕಿಯಿಂದ ತಲೆ ಹಾಕಿ, “ಯೋರುನ್, ಎತ್ತರದಲ್ಲಿರೋಳು ನೀನು. ಕಂಡಿತಾ, ಇಲ್ವಾ?” ಎಂದು ಕೇಳಿದ. ಗೈಡ್ ಕಂಡಿತೆಂದರೆ ಕಂಡಿತು, ಇಲ್ಲವೆಂದರೆ ಇಲ್ಲ. ಆ ನಿಯಮ ಇಂದಿಗೂ ಹಾಗೆಯೇ ಇದೆ. ನೀನು ತಟ್ಟೆಯನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದೆ. ನಾನು ಮೈಕಿನಲ್ಲಿ, “ನೊರೆ” ಎಂದೆ. ಆಗ ನಾನೂ ಎಲ್ಲರಂತೆ ಎಡಕ್ಕೇ ತಿರುಗಿದ್ದೆ.

ಆಮೇಲಿನದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಪ್ರತಿ ಸಂಜೆ ಹರಟೆಗೆಂದು ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರುವ ಊರು ನಿನ್ನನ್ನು ಬಿಡಲಿಲ್ಲ. “ಏನಮ್ಮಾ ಬಿಳಿಯಮ್ಮಾ, ಇವತ್ತು ಕಡಲಕನ್ಯೆ ಬಂದಿದ್ಲಾ?” ಅಕ್ಟೋಬರಿನಲ್ಲಿ ನೀನು ನನ್ನ ಮನೆಗೆ ಬಂದೆ. “ಒಂದೇ ಒಂದು ಸಲ ಹೇಳು ಯೋರುನ್, ನನಗೇನು ಹುಚ್ಚಾ?” ಎಂದು ಕೇಳಿದೆ. ನಾನು ಕಾಫಿಯನ್ನು ಬಗ್ಗಿಸುತ್ತ, ಬೆಳಕಿನ ವಕ್ರೀಭವನದ ಕುರಿತು, ದಣಿದ ಕಣ್ಣುಗಳ ಕುರಿತು ಉಪನ್ಯಾಸ ಮಾಡಿದೆ. ನೀನು ಲೋಟವನ್ನು ಮುಟ್ಟದೆ ಎದ್ದುಹೋದೆ. ವಸಂತದ ಹೊತ್ತಿಗೆ ಈಸಾಫ್ಯೋರ್ದುರ್‌ನಲ್ಲಿ ಮೀನು ಕತ್ತರಿಸುವ ಕೆಲಸಕ್ಕೆ ಸೇರಿದೆಯೆಂದು ಕೇಳಿದೆ. ಒಂದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಚಿತ್ರಕ್ಕೆ ಪ್ರತಿ ಮಾಡಿಸಿಕೊಂಡೆ. ಹಡಗಿನ ಹಳೆಯ ದಿನಚರಿಯನ್ನು ತೆಗೆದು, ‘ಏನೂ ಕಾಣಲಿಲ್ಲ’ ಎಂಬುದನ್ನು ಹೊಡೆದು, ‘ಬಿಳಿ ತಿಮಿಂಗಿಲ, ಒಂದು. ಮೊದಲು ತಿಳಿಸಿದವಳು ರಾನ್‌ವೇಗ್’ ಎಂದು ಬರೆದೆ. ನಿನ್ನೆ ಸಂಜೆ ಏಳಕ್ಕೆ, ತೊಟ್ಟಿ ಜನರಿಂದ ತುಂಬಿದ್ದಾಗ, ಅರವತ್ತೊಂದರ ಈ ದೇಹವನ್ನು ಈಜುಡುಗೆಯಲ್ಲಿಯೇ ನೀರಿನಿಂದ ಎತ್ತಿ ನಿಲ್ಲಿಸಿ, ತಪ್ಪು ನನ್ನದೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಔಸ್ಗೇರ್‌ಗೆ ಈಗ ಎಂಬತ್ತಾರು. “ಫೋಟೋ ಕೊಡು ಇಲ್ಲಿ” ಎಂದ. ಒದ್ದೆ ಬೆರಳುಗಳಿಂದ ಅಂಚನ್ನು ಹಿಡಿದು ಬಹಳ ಹೊತ್ತು ನೋಡಿದ. ಕೊನೆಗೆ, “ಹ್ಞೂಂ. ದಾರಿ ಕೇಳ್ಕೊಂಡೇ ಬಂದಿದೆ. ನಾವೇ ಬಾಗಿಲು ತೆಗೀಲಿಲ್ಲ” ಎಂದ. ಯಾರೂ ನಗಲಿಲ್ಲ.

ಕ್ಷಮೆಯನ್ನು ಬೇಡುವ ಧೈರ್ಯ ನನಗಿಲ್ಲ. ಬೇಡುವುದು ಉತ್ತರಗಳನ್ನು ಮಾತ್ರ. ಇಷ್ಟು ವರ್ಷ ಯಾರನ್ನೂ ಕೇಳಲಾಗದ ಪ್ರಶ್ನೆಗಳು ನನ್ನಲ್ಲಿ ಉಳಿದಿವೆ. ಅದು ಹಾಲಿನಂತೆ ಬೆಳ್ಳಗಿತ್ತೇ, ಅಥವಾ ಎಳೆಯ ಪ್ರಾಣಿಗಳಿಗಿರುವ ಬೂದು ಛಾಯೆ ಇತ್ತೇ? ನೀನು ನಿಂತಲ್ಲಿಗೆ ಅದರ ಉಸಿರು ಕೇಳಿಸಿತೇ? ಅದಕ್ಕೆ ಸಿಳ್ಳೆಯಂತಹ ದನಿಯಿದೆಯೆಂದು ಓದಿದ್ದೇನೆ. ತಿಮಿಂಗಿಲಗಳಲ್ಲಿ ನಮ್ಮಂತೆ ಕತ್ತನ್ನು ಹೊರಳಿಸಿ ನೋಡಬಲ್ಲವು ಬಹಳ ಕಡಿಮೆ, ಇದು ಅಂಥದ್ದು. ಮೂರನೆಯ ಬಾರಿ ಎದ್ದಾಗ ಅದು ನಿನ್ನ ಕಡೆಗೆ ಹೊರಳಿತೇ? ಒಂಟಿಯಾಗಿ ಇಷ್ಟು ದಕ್ಷಿಣಕ್ಕೆ ಬಂದದ್ದು ದಿಕ್ಕು ತಪ್ಪಿಯೋ, ಏನಿದೆ ನೋಡೋಣವೆಂಬ ಕುತೂಹಲದಿಂದಲೋ? ನಿನಗೇನು ತೋರಿತು? ಒಂದು ಸಾಲಿನಲ್ಲಿ ಬರೆದರೂ ಸಾಕು. ಬರೆಯಲು ಮನಸ್ಸಿಲ್ಲದಿದ್ದರೆ, ಸೆಪ್ಟೆಂಬರ್ ಕೊನೆಯವರೆಗೆ ಹಡಗು ಹೊರಡುತ್ತದೆ. ಎತ್ತರದ ಕಟ್ಟೆಯಲ್ಲಿ ಇಬ್ಬರು ನಿಲ್ಲಬಹುದು.

ಎಂದೂ ನಿನ್ನವಳೇ ಆಗಿರಬೇಕಿದ್ದ
ಯೋರುನ್

ಮರೆತದ್ದಲ್ಲ, ಮುಚ್ಚಿಟ್ಟದ್ದು: ‘ಮೂರನೆಯ ಬಾರಿ’ ಎಂಬ ಮಾತು ನಿನ್ನ ಕಣ್ಣಿಗೆ ಬಿದ್ದೇ ಇರುತ್ತದೆ. ನಿನಗೆ ಕಂಡದ್ದು ಒಂದೇ ಸಲ; ಚಿತ್ರದಲ್ಲಿರುವುದೂ ಒಂದೇ ಸಲ. ಇದರೊಡನೆ ಕಳುಹಿಸಲೆಂದು ಮೊದಲು ಇಟ್ಟ ಪ್ರತಿಯ ಎಡ ಅಂಚನ್ನು ನಾನು ಎರಡು ಬೆರಳಗಲ ಕತ್ತರಿಸಿದ್ದೆ. ತೊಟ್ಟಿಯಲ್ಲಿ ಎಲ್ಲರಿಗೂ ತೋರಿಸಿದ್ದು ಕತ್ತರಿಸಿದ ಆ ಪ್ರತಿಯನ್ನೇ. ಅಂಚೆಯವರೆಗೆ ಹೋದವಳು ಹಿಂದಿರುಗಿ ಬಂದು, ಇಡಿಯ ಚಿತ್ರವನ್ನು ಇಟ್ಟಿದ್ದೇನೆ. ಎಡ ಅಂಚಿನಲ್ಲಿ, ಎತ್ತರದ ಕಟ್ಟೆಯಿಂದ ಕೆಂಪು ತೋಳೊಂದು ಚಾಚಿದೆ. ಬೆರಳು ಬಿಳಿ ಬೆನ್ನನ್ನೇ ತೋರಿಸುತ್ತಿದೆ. ಅಂದು ಕೆಂಪು ಅಂಗಿ ತೊಟ್ಟವಳು ನಾನೊಬ್ಬಳೇ. ನೀನು ಕೂಗುವ ಮೊದಲೇ ಅದು ಎರಡು ಬಾರಿ ಎದ್ದಿತ್ತು, ಕತ್ತನ್ನು ಹೊರಳಿಸಿ ನನ್ನನ್ನು ನೋಡಿತ್ತು. ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಕೂಗಿದೆ, ಔಸ್ಗೇರ್ ನಕ್ಕ, ನಾನು ಕೈಯನ್ನು ಇಳಿಸಿದೆ. ನಾಳೆ ಏಳು ಗಂಟೆಗೆ ಇಡಿಯ ಚಿತ್ರವನ್ನು ತೊಟ್ಟಿಗೆ ಒಯ್ಯುತ್ತೇನೆ. ಅವರು ನಗುವುದಾದರೆ, ಈ ಸಲ ಸರಿಯಾದವಳನ್ನು ನೋಡಿ ನಗಲಿ.