ರೀ ಟೈಲರ್

ಯಲಹಂಕ, 1962

ತೀರ್ಥರೂಪು ಅಪ್ಪನವರ ಪಾದಗಳಿಗೆ ನಮಸ್ಕಾರ.

ಹೋದ ವಾರ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಬಟ್ಟೆ ಅಂಗಡಿಯ ಹೊಸ ಬೋರ್ಡು ನೋಡಿ ಊರೆಲ್ಲ ನಗುತ್ತಿತ್ತು. ಮರುದಿನ ಬೆಳಗ್ಗೆ ಹೋದರೆ ನಿಜವಾಗಿಯೂ ನಗುತ್ತಿದ್ದಾರೆ! ಬಿಡಿಯಾಗಿ ಮಾರುವವರಿಗೆ ಇಂಗ್ಲಿಷಿನಲ್ಲಿ ‘ರೀಟೇಲರ್’ ಅನ್ನುತ್ತಾರೆಂದು ಬರೆಯಲು ಹೇಳಿದ್ದೆ. ಪೇಂಟರ್ ಅದನ್ನು ‘ರೀ ಟೈಲರ್’ ಎಂದು ಬಿಡಿಸಿ ಬರೆದಿದ್ದಾನೆ. ದಾರಿಯಲ್ಲಿ ಹೋಗುವವರೆಲ್ಲ “ರೀ ಟೈಲರ್, ಒಂದ್ ಜುಬ್ಬ ಹೊಲ್ಕೊಡ್ರೀ” ಅಂತ ಕೂಗುತ್ತಾರೆ.

ಹೆದರಿ ಸೇತುರಾಮ ಮೇಷ್ಟ್ರ ಹತ್ತಿರ ಓಡಿದೆ. ಅವರು ದೊಡ್ಡ ಡಿಕ್ಷನರಿ ತೆಗೆದು ನೋಡಿ, “ಗಾಬರಿ ಬೀಳ್ಬೇಡ ಕಣೋ. ಎರಡೂ ಮಾತು ಒಂದೇ ಬೇರಿಂದ ಬಂದಿರೋದು. ಕತ್ತರಿಸೋದು ಅಂತ ಅರ್ಥ. ಟೈಲರ್ ಕತ್ತರಿಸಿ ಹೊಲೀತಾನೆ, ನೀನು ಕತ್ತರಿಸಿ ಮಾರ್ತೀಯ, ಅಷ್ಟೆ” ಅಂದರು.

ಅಪ್ಪಾ, ದಾಸರಹಳ್ಳಿಯ ಹೊಲಿಗೆ ಅಂಗಡಿ ಬಿಟ್ಟ ಮೇಲೆ ನೀವು ಮನೆಯಲ್ಲಿ ಸುಮ್ಮನೆ ಕೂತಿರುವುದೇ ನನಗೆ ದೊಡ್ಡ ಚಿಂತೆ. ಇಲ್ಲಿಗೆ ಕರೆದರೆ “ಮಾರೋ ಅಂಗಡೀಲಿ ಹೊಲಿಯೋನಿಗೇನೋ ಕೆಲ್ಸ” ಅಂದಿರಿ. ಮಾತೇ ಒಂದು ಅಂದ ಮೇಲೆ ಅಂಗಡಿಯೂ ಒಂದೇ ಅಲ್ಲವೇ? ಬೋರ್ಡು ತಿದ್ದಿಸಲಿಲ್ಲ. ಆಗಲೇ ಕೆಲವರು ಬಟ್ಟೆ ಕೊಂಡು, ಹೊಲಿಸಲಿಕ್ಕೆ ಇಲ್ಲೇ ಇಟ್ಟು ಹೋಗಿದ್ದಾರೆ. ಟೈಲರ್ ಬರುತ್ತಾರೆ ಎಂದುಬಿಟ್ಟಿದ್ದೇನೆ. ಮನಸ್ಸಿಗೆ ಖುಷಿಯೇ, ನೀವು ಒಪ್ಪುತ್ತೀರೋ ಇಲ್ಲವೋ ಅಂತ ಭಯವೂ ಇದೆ.

ಕಿಟಕಿಯ ಪಕ್ಕ ನಿಮ್ಮ ಮಿಷನ್ನಿಗೆ ಜಾಗ ಮಾಡಿದ್ದೇನೆ. ಅದು ನಾಲ್ಕು ಗೇಣು ಉದ್ದ ಅಂತ ಅವ್ವ ಹೇಳಿ ಕಳಿಸಿದ್ದಾಳೆ. ಅವ್ವನ ಗೇಣು ಚಿಕ್ಕದು. ದಯವಿಟ್ಟು ನಿಮ್ಮ ಕೈಯಲ್ಲಿ ಇನ್ನೊಂದು ಸಲ ಅಳೆದು ತಿಳಿಸಿ.

ನಿಮ್ಮ ಮಗ,
ಮುನಿಯಣ್ಣ