ಯಾರ ಗೇಣು?

೧೪ ಮಾರ್ಚ್ ೧೯೮೯, ಮಂಗಳವಾರ, ಗುರುಗುಂಟಾ

ಜೀಪಿನ ಫ್ಯಾನ್ ಬೆಲ್ಟ್ ಹರಿದು ಎರಡು ದಿನವಾಯಿತು. ಅದರ ಮೇಲಿನ ನಂಬರು ಸವೆದುಹೋಗಿದೆ. ಹರಿದ ಬೆಲ್ಟನ್ನೇ ಸಿಂಧನೂರಿಗೆ ಕಳಿಸಲು ಹೊರಟರೆ ಹೆಂಡತಿ ತಡೆದಳು. "ಮಗಳ ಹೆರಿಗಿ ಮುಂದಿಟ್ಕೊಂಡು ಹರಿದದ್ದು ಕಳಸಬ್ಯಾಡ್ರಿ, ಅಪಶಕುನ." ನಾನೂ ಒಪ್ಪಿಕೊಂಡೆ, ದಡ್ಡ. ನನ್ನ ಗೇಣಿನಲ್ಲಿ ಅಳೆದು, ಐದು ಗೇಣಿನದು ತಾ ಎಂದು ಡ್ರೈವರ್ ಗಿಡ್ಡಪ್ಪನನ್ನು ಕಳಿಸಿದೆ.

ಸಂಜೆ ಅವನು ತಂದ ಬೆಲ್ಟು ಪುಲ್ಲಿಯ ಮೇಲೆ ಮಾಲೆಯಂತೆ ಜೋತುಬಿತ್ತು. ಬೈದೆ. "ಅಂಗಡ್ಯಾವ ಐದು ಗೇಣು ಅಳದ ಕೊಟ್ಟಾನ್ರೀ" ಎಂದ. ಆ ಅಂಗಡಿಯವನದು ಮೊರದಗಲದ ಕೈ. ಯಾರ ಗೇಣು ಎಂದು ನಾನು ಹೇಳಿರಲಿಲ್ಲ.

ಮಲಗುವ ಮುಂಚೆ ಮಗಳು ಶೇಖರಮ್ಮ ಕೇಳಿದಳು, "ಅಪ್ಪಾ, ಜೀಪು ಚಾಲೂ ಆತೇನು?" "ಆತವ್ವ" ಎಂದುಬಿಟ್ಟೆ.

ಈಗ ಒಳಗೆ ನರಳುತ್ತಿದ್ದಾಳೆ. ಗಾಡಿಗೆ ಎತ್ತು ಹೂಡಿಸಬೇಕು. ಇಲ್ಲಿಂದ ಲಿಂಗಸುಗೂರಿನ ಆಸ್ಪತ್ರೆಗೆ ಎಷ್ಟು ಗೇಣು?